ಮೇ ಕ್ಯಾಂಪ್ ಮುಗಿದ ಮೇಲೆ: ಚರ್ಚಿನ ಯುವ ನಾಯಕರಿಗೆ ವರ್ಷಪೂರ್ತಿ ತರಬೇತಿ ಕೊಡುವುದು ಹೇಗೆ

ನಮ್ಮ ಚರ್ಚುಗಳಲ್ಲಿ ಯುವ ನಾಯಕರ ತರಬೇತಿ ಅಂದರೆ ಸಾಮಾನ್ಯವಾಗಿ ಬೇಸಿಗೆ ರಜೆಯ ಮೂರು ದಿನದ ಕ್ಯಾಂಪ್. ಬೆಳಿಗ್ಗೆ ಪೂಜೆ, ತಿಂಡಿ, ಆಕ್ಷನ್ ಸಾಂಗ್, ಆಮೇಲೆ 'ನಾಯಕನ ಹತ್ತು ಗುಣಗಳು' ಅಂತ ಒಂದು ಪಿಪಿಟಿ, ಸಂಜೆ ಆಟ, ರಾತ್ರಿ ಕ್ಯಾಂಪ್‌ಫೈರ್, ಕೊನೆಯ ದಿನ ಸರ್ಟಿಫಿಕೇಟು ಮತ್ತು ಗ್ರೂಪ್ ಫೋಟೊ. ಹುಡುಗರು ಹುರುಪಿನಿಂದಲೇ ಮನೆಗೆ ಬರುತ್ತಾರೆ. ಆದರೆ ಜೂನಿನಲ್ಲಿ ಕಾಲೇಜು ಶುರು, ಮಳೆ ಶುರು. ಆಗಸ್ಟ್ ಹೊತ್ತಿಗೆ ಘಟಕದ ಸಭೆಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ ಮತ್ತು ಅವರಿಬ್ಬರ ಸ್ನೇಹಿತರು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಆಗ ದೊಡ್ಡವರೆಲ್ಲ ಹೇಳುವುದು ಒಂದೇ ಮಾತು: ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ.

ಆಸಕ್ತಿ ಇದೆ. ಕ್ಯಾಂಪ್ ಆದ ಮೇಲೆ ಅವರ ಜೊತೆ ಕೂತವರು ಯಾರೂ ಇಲ್ಲ, ಅಷ್ಟೇ. ಕ್ಯಾಂಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಒಬ್ಬ ಹುಡುಗ ನಾಯಕನಾಗಿ ಬೆಳೆಯುವುದು ಒಂದು ಕೆಲಸ ಮಾಡಿ, ಆಮೇಲೆ ಕೂತು "ಏನಾಯ್ತು, ಯಾಕಾಯ್ತು" ಅಂತ ಇನ್ನೊಬ್ಬರ ಜೊತೆ ಬಿಚ್ಚಿ ಮಾತಾಡುವಾಗ. ಆ ಮಾತುಕತೆ ಪ್ರತಿ ತಿಂಗಳು ನಡೆಯಬೇಕು. ಅದನ್ನು ಹೇಗೆ ನಡೆಸುವುದು ಅಂತ ಇಲ್ಲಿ ಬರೆದಿದ್ದೇನೆ. ಧರ್ಮಕೇಂದ್ರದ (ಪ್ಯಾರಿಷ್‌ನ) ಯುವ ಘಟಕಕ್ಕೆ ಅನಿಮೇಟರ್ (ಮಾರ್ಗದರ್ಶಕರು) ಆಗಿರುವ ಅಣ್ಣ-ಅಕ್ಕಂದಿರಿಗೆ, ಯುವಜನರ ಹೊಣೆ ಹೊತ್ತ ಫಾದರ್, ಸಿಸ್ಟರ್‌ಗಳಿಗೆ ಇದು. ನಿಮ್ಮಲ್ಲಿರುವ ಕ್ಯಾಥೊಲಿಕ್ ಯುವ ಸಂಘಟನೆ ಐಸಿವೈಎಂ ಇರಬಹುದು, ವೈಸಿಎಸ್ ಇರಬಹುದು, ಜೀಸಸ್ ಯೂತ್ ಇರಬಹುದು, ಸಿರೋ-ಮಲಬಾರ್ ಚರ್ಚಾದರೆ ಎಸ್‌ಎಂವೈಎಂ ಇರಬಹುದು. ಹೆಸರು ಯಾವುದೇ ಇರಲಿ, ವಿಧಾನ ಒಂದೇ ಸಾಕು.

ಮೊದಲು ಯಾರಿಗೆ ಅಂತ ತೀರ್ಮಾನಿಸಿ

ಅಧ್ಯಕ್ಷ ಮತ್ತು ಕಾರ್ಯದರ್ಶಿಗೆ ಮಾತ್ರ ತರಬೇತಿ ಕೊಟ್ಟರೆ ಎರಡು ವರ್ಷದಲ್ಲಿ ಕೈ ಖಾಲಿ. ಪಿಯುಸಿ ಮುಗಿಸಿ ಡಿಗ್ರಿಗೆ ಮಂಗಳೂರು ಅಥವಾ ಮೈಸೂರು, ಡಿಗ್ರಿ ಮುಗಿಸಿ ಬೆಂಗಳೂರು, ಅಲ್ಲಿಂದ ದುಬೈ, ಕುವೈತ್. ನಮ್ಮ ಯುವಜನರ ದಾರಿ ಇದೇ ತಾನೇ? ಅದಕ್ಕೆ ಕೊರಗಿ ಪ್ರಯೋಜನ ಇಲ್ಲ, ಅದನ್ನು ಲೆಕ್ಕಕ್ಕೆ ಹಿಡಿದೇ ಯೋಜನೆ ಮಾಡಬೇಕು. ಆರರಿಂದ ಎಂಟು ಜನರ ತಂಡ ಆರಿಸಿ. ಅದರಲ್ಲಿ ಅರ್ಧ ಜನ ಯಾವ ಹುದ್ದೆಯೂ ಇಲ್ಲದ ಹೊಸಬರಾಗಿರಲಿ, ಇನ್ನೂ ಎರಡು ಮೂರು ವರ್ಷ ಊರಲ್ಲೇ ಇರುವವರಾಗಿರಲಿ.

ಆರಿಸುವಾಗ ಮೈಕ್ ಹಿಡಿದು ಚೆನ್ನಾಗಿ ಮಾತಾಡುವವರ ಕಡೆಗೇ ಕಣ್ಣು ಹೋಗುತ್ತದೆ. ಸ್ವಲ್ಪ ತಡೆಯಿರಿ. ಕಾರ್ಯಕ್ರಮಕ್ಕೆ ಮೊದಲೇ ಬಂದು ಕುರ್ಚಿ ಹಾಕುವ ಹುಡುಗಿ, ಮುಗಿದ ಮೇಲೆ ಉಳಿದ ಊಟವನ್ನು ಯಾರಿಗೆ ಕೊಡುವುದು ಅಂತ ಯೋಚಿಸುವ ಹುಡುಗ, ಇಂಥವರನ್ನೂ ಸೇರಿಸಿ. ಕಾಲೇಜಿಗೆ ಹೋಗದೆ ದುಡಿಯುವವರು, ಗಾರ್ಮೆಂಟ್ಸಿಗೆ ಹೋಗುವವರು, ಪೇಂಟಿಂಗ್ ಕೆಲಸದವರು, ಕಾಫಿ ಎಸ್ಟೇಟಿನ ಲೈನ್ ಮನೆಗಳ ಮಕ್ಕಳು ತಂಡದಲ್ಲಿ ಒಬ್ಬರಾದರೂ ಇರಲೇಬೇಕು. ನಮ್ಮ ಯುವ ಘಟಕಗಳು ಎಷ್ಟೋ ಕಡೆ ಡಿಗ್ರಿ ಓದುವವರ ಕ್ಲಬ್ ಆಗಿಬಿಟ್ಟಿವೆ. ದುಡಿಯುವ ಹುಡುಗ ಒಮ್ಮೆ ಬಂದು, ಇಂಗ್ಲಿಷ್ ಜೋಕುಗಳನ್ನು ಕೇಳಿಸಿಕೊಂಡು, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಪೂಜೆಯ ಕೊನೆಯಲ್ಲಿ ಅನೌನ್ಸ್ ಮಾಡಿ ಜನ ಸೇರಿಸಬೇಡಿ. ಒಬ್ಬೊಬ್ಬರನ್ನೂ ಮುಖತಃ ಕೇಳಿ, ಯಾಕೆ ಅವರನ್ನೇ ಕೇಳುತ್ತಿದ್ದೀರಿ ಅಂತ ಕಾರಣ ಹೇಳಿ. ಮನೆಗೂ ಹೋಗಿ. ವಿಶೇಷವಾಗಿ ಹುಡುಗಿಯರ ಅಪ್ಪ-ಅಮ್ಮನಿಗೆ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ಕತ್ತಲಾದರೆ ಮನೆಗೆ ಬಿಡುವವರು ಯಾರು ಅನ್ನುವುದು ಸ್ಪಷ್ಟವಾಗಿ ಗೊತ್ತಿರಬೇಕು. "ಹುಡುಗಿಯರು ಮುಂದೆ ಬರುವುದಿಲ್ಲ" ಅನ್ನುವ ಘಟಕಗಳಲ್ಲಿ ಸಭೆ ರಾತ್ರಿ ಎಂಟಕ್ಕೆ ಇರುತ್ತದೆ, ನೋಡಿ ಬೇಕಾದರೆ.

ತಿಂಗಳ ಕೂಟ: ಎರಡು ಗಂಟೆ, ಅದಕ್ಕಿಂತ ಜಾಸ್ತಿ ಬೇಡ

ತಿಂಗಳ ಒಂದು ಭಾನುವಾರ ಗೊತ್ತು ಮಾಡಿ, ವರ್ಷದ ಹನ್ನೆರಡೂ ತಾರೀಕುಗಳನ್ನು ವಿಚಾರಣಾ ಗುರುಗಳ (ಪ್ಯಾರಿಷ್ ಫಾದರ್) ಡೈರಿಯಲ್ಲೂ ಪಾಲನಾ ಮಂಡಳಿಯ (ಪ್ಯಾರಿಷ್ ಕೌನ್ಸಿಲ್) ಕ್ಯಾಲೆಂಡರಿನಲ್ಲೂ ಮೊದಲೇ ಬರೆಸಿಬಿಡಿ. ಹಾಗೆ ಮಾಡದಿದ್ದರೆ ಅದೇ ಭಾನುವಾರ ವಾರ್ಡ್ ಕ್ರಿಕೆಟ್ ಬಂದು ಕೂರುತ್ತದೆ.

ಮೊದಲ ಅರ್ಧ ಗಂಟೆ ಶುಭಸಂದೇಶಕ್ಕೆ. ಆ ದಿನದ ವಾಚನವನ್ನೇ ತೆಗೆದುಕೊಳ್ಳಿ, ಹೊಸದಾಗಿ ಹುಡುಕಬೇಕಾಗಿಲ್ಲ. ನೆರೆಹೊರೆಯ ಮನೆಗಳು ಸೇರಿ ಪ್ರಾರ್ಥಿಸುವ ಕಿರು ಕ್ರೈಸ್ತ ಸಮುದಾಯಗಳಲ್ಲಿ ಬಳಸುವ ಏಳು ಹಂತದ ವಿಧಾನ ನಿಮಗೆ ಗೊತ್ತಿರಬಹುದು, ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ಬಂದದ್ದು: ಪ್ರಭುವನ್ನು ಆಹ್ವಾನಿಸುವುದು, ಓದುವುದು, ಮನಸ್ಸಿಗೆ ತಟ್ಟಿದ ಪದವನ್ನು ಮತ್ತೆ ಮತ್ತೆ ಹೇಳುವುದು, ಸುಮ್ಮನೆ ಕೂರುವುದು, ಹಂಚಿಕೊಳ್ಳುವುದು, ನಾವು ಏನು ಮಾಡಬೇಕು ಅಂತ ಮಾತಾಡುವುದು, ಪ್ರಾರ್ಥಿಸುವುದು. ಯುವಜನರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಯಾಕೆಂದರೆ ಇಲ್ಲಿ ಬೋಧನೆ ಮಾಡುವವರು ಯಾರೂ ಇಲ್ಲ. ಒಂದೇ ಷರತ್ತು, ನಡೆಸುವವರು ಪ್ರತಿ ಸಲ ಬದಲಾಗಬೇಕು. ನಾಲ್ಕನೇ ಹಂತದ ಮೌನ ಮೂರು ನಿಮಿಷ ಇರಲಿ. ಮೊದಲ ಸಲ ನಡೆಸುವ ಹುಡುಗ ಮೂವತ್ತು ಸೆಕೆಂಡಿಗೇ ಹೆದರಿ ಮೌನ ಮುರಿಯುತ್ತಾನೆ. ಗುಂಪನ್ನು ಸುಮ್ಮನೆ ಕೂರಿಸುವ ಧೈರ್ಯ ಬರುವುದೂ ನಾಯಕತ್ವವೇ.

ಮುಂದಿನ ಮುಕ್ಕಾಲು ಗಂಟೆ ಇಡೀ ತರಬೇತಿಯ ಬೆನ್ನೆಲುಬು. ಕಳೆದ ತಿಂಗಳು ಮಾಡಿದ ಒಂದು ಕೆಲಸವನ್ನು ಎತ್ತಿಕೊಂಡು ಬಿಡಿಸಿ ನೋಡಬೇಕು. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಅನ್ನುವ ಗುರುಗಳು ಕಾರ್ಖಾನೆಗೆ ಹೋಗುವ ಹುಡುಗ-ಹುಡುಗಿಯರನ್ನು ಕೂರಿಸಿಕೊಂಡು ಇದೇ ರೀತಿ ಮಾಡುತ್ತಿದ್ದರು. ಅದರಿಂದ 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ಹುಟ್ಟಿತು. ನೋಡು, ತೂಗಿ ನೋಡು, ಮಾಡು ಅನ್ನುವುದು ಅವರ ಮೂರು ಹೆಜ್ಜೆ. 1961ರಲ್ಲಿ ಪೋಪ್ 23ನೇ ಯೊವಾನ್ನರು ತಮ್ಮ ವಿಶ್ವಪತ್ರದಲ್ಲೇ ಈ ವಿಧಾನವನ್ನು ಶಿಫಾರಸು ಮಾಡಿದರು. ಹೇಳಲು ಸುಲಭ. ಮಾಡುವಾಗ ಮೊದಲ ಹೆಜ್ಜೆಯನ್ನೇ ಎಲ್ಲರೂ ಹಾರಿಸಿಬಿಡುತ್ತಾರೆ.

ಉದಾಹರಣೆಗೆ ಕ್ರಿಸ್ಮಸ್ ಕ್ಯಾರಲ್ಸ್ ಮುಗಿಯಿತು ಅಂದುಕೊಳ್ಳಿ. ಜನವರಿ ಕೂಟದಲ್ಲಿ ಮಾತು ಹೀಗೆ ಸಾಗಬಹುದು:

"ಕ್ಯಾರಲ್ಸ್ ಹೇಗಾಯ್ತು?"
"ಸೂಪರ್ ಆಯ್ತು ಅಕ್ಕ."
"ಎಲ್ಲಾ ಮನೆಗೂ ಹೋದ್ರಾ?"
"ಎಲ್ಲಾ ವಾರ್ಡೂ ಆಯ್ತು."
"ಟ್ಯಾಂಕ್ ಹಿಂದೆ ಎರಡು ಬಾಡಿಗೆ ಮನೆ ಇದೆಯಲ್ಲ, ಅವರೂ ಪೂಜೆಗೆ ಬರ್ತಾರೆ."
"ಅವರು ಹೊಸಬರು ಅಕ್ಕ. ನಮಗೆ ಅಷ್ಟು ಪರಿಚಯ ಇಲ್ಲ."

ಇಲ್ಲಿ ನಿಲ್ಲಿಸಿ. ಬೈಯಬೇಡಿ, ಉಪದೇಶ ಕೊಡಬೇಡಿ. ಇನ್ನೂ ಕೇಳಿ. ಪಟ್ಟಿ ಮಾಡಿದವರು ಯಾರು? ಯಾವ ಮನೆಯಲ್ಲಿ ಜಾಸ್ತಿ ಹೊತ್ತು ನಿಂತಿರಿ, ಯಾಕೆ, ಅಲ್ಲಿ ಕೇಕ್ ಚೆನ್ನಾಗಿತ್ತಾ, ಡಬ್ಬಿಗೆ ದೊಡ್ಡ ನೋಟು ಬಿತ್ತಾ? ಯಾರು ಹಾಡಲಿಲ್ಲ, ಹಿಂದೆಯೇ ನಿಂತಿದ್ದರು? ಆಮೇಲೆ ತೂಗಿ ನೋಡುವ ಹೆಜ್ಜೆ. ಬೆತ್ಲೆಹೇಮಿನಲ್ಲಿ ಜಾಗ ಸಿಗದವರ ಕಥೆಯನ್ನೇ ಹಾಡಿಕೊಂಡು ಹೋದ ನಾವು ಯಾವ ಬಾಗಿಲು ಬಿಟ್ಟು ಬಂದೆವು ಅನ್ನುವುದು ಹುಡುಗರಿಗೆ ತಾವಾಗಿಯೇ ಹೊಳೆಯುತ್ತದೆ, ನೀವು ಬಾಯಿ ಬಿಡಬೇಕಾಗಿಲ್ಲ. ಮೂರನೆಯದು ಮಾಡುವುದು, ಅದು ಚಿಕ್ಕದಾಗಿರಲಿ: ಮುಂದಿನ ಭಾನುವಾರದ ಒಳಗೆ ಇಬ್ಬರು ಆ ಎರಡು ಮನೆಗೆ ಹೋಗಿ ಬರುವುದು. ರಸೀದಿ ಪುಸ್ತಕ ಇಲ್ಲದೆ. ಯಾರು ಹೋಗುತ್ತಾರೆ, ಯಾವತ್ತು ಅಂತ ಅಲ್ಲೇ ಬರೆದುಕೊಳ್ಳಿ. ಫೆಬ್ರವರಿ ಕೂಟ ಶುರುವಾಗುವುದೇ ಅದರ ವರದಿಯಿಂದ.

ಕ್ರಿಕೆಟ್ ಪಂದ್ಯ, ಗೋದಲಿ ಸ್ಪರ್ಧೆ, ರಕ್ತದಾನ ಶಿಬಿರ, ಶಿಲುಬೆ ಹಾದಿ, ಯಾವುದನ್ನು ಬೇಕಾದರೂ ಹೀಗೆ ಬಿಡಿಸಬಹುದು. ಚೆನ್ನಾಗಿ ಆದದ್ದನ್ನೂ ಬಿಡಿಸಿ. ಯಾಕೆ ಚೆನ್ನಾಗಿ ಆಯಿತು ಅಂತ ಗೊತ್ತಿಲ್ಲದಿದ್ದರೆ ಮುಂದಿನ ವರ್ಷ ಅದೇ ಮತ್ತೆ ಆಗುತ್ತದೆ ಅನ್ನುವ ಖಾತ್ರಿ ಇಲ್ಲ. ಅನಿಮೇಟರ್ ಆದ ನಿಮ್ಮ ಮಾತು ಈ ಮುಕ್ಕಾಲು ಗಂಟೆಯಲ್ಲಿ ಕಾಲು ಭಾಗ ಮೀರಬಾರದು. ಕಷ್ಟ ಇದೆ. ನಮ್ಮಲ್ಲಿ ಅನಿಮೇಟರ್‌ಗಳಿಗೆ ಮಾತಾಡುವ ಚಟ ಸ್ವಲ್ಪ ಜಾಸ್ತಿಯೇ.

ಉಳಿದ ಹೊತ್ತಿನಲ್ಲಿ ಅರ್ಧ ಗಂಟೆ ಒಂದು ಕೌಶಲ, ಕೊನೆಗೆ ಮುಂದಿನ ತಿಂಗಳ ಹಂಚಿಕೆ, ಚಹಾ.

ಕೌಶಲಗಳನ್ನು ವರ್ಷದ ಹಬ್ಬಗಳಿಗೆ ಕಟ್ಟಿ

'ಕಮ್ಯುನಿಕೇಶನ್ ಸ್ಕಿಲ್ಸ್' ಅಂತ ಬರಿದೇ ಪಾಠ ಮಾಡಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಎದುರಿಗೆ ಬರುವ ಕೆಲಸಕ್ಕೆ ಬೇಕಾದದ್ದನ್ನು ಅದರ ಹಿಂದಿನ ತಿಂಗಳು ಕಲಿಸಿ.

ಜೂನಿನಲ್ಲಿ ಹೊಸ ತಂಡ, ಹಾಗಾಗಿ ಸಭೆ ನಡೆಸುವುದು ಮತ್ತು ನಡಾವಳಿ ಬರೆಯುವುದು. ಜುಲೈಯಲ್ಲಿ ನಾಗರಿಕ ಜವಾಬ್ದಾರಿ ಇಟ್ಟುಕೊಳ್ಳಿ, ಯಾಕೆಂದರೆ ಆಗಸ್ಟ್ 15 ನಮಗೆ ಮಾತೆ ಮರಿಯಮ್ಮನವರ ಸ್ವರ್ಗಾರೋಹಣವೂ ಹೌದು, ಸ್ವಾತಂತ್ರ್ಯ ದಿನವೂ ಹೌದು. ಧ್ವಜ ಹಾರಿಸಿ ಲಾಡು ಹಂಚುವುದರ ಜೊತೆಗೆ 18 ತುಂಬಿದವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸ ತಂಡಕ್ಕೆ ಕೊಡಿ. ಫಾರಂ 6 ತುಂಬುವುದನ್ನು ಅರ್ಧ ಗಂಟೆಯಲ್ಲಿ ಕಲಿಸಬಹುದು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ (ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ತಾರೀಕು), ಆದ್ದರಿಂದ ಒಂದು ವರ್ಷ ಕಾಯಬೇಕಾಗಿಲ್ಲ.

ಕರಾವಳಿಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮರಿಯಮ್ಮನವರ ಜನ್ಮದಿನ, ಹೊಸ ತೆನೆಯ ಹಬ್ಬ) ಬರುತ್ತದೆ. ಹೂವು, ಕಬ್ಬು, ತೆನೆ, ಜನಸಂದಣಿ, ಹಣ. ಅದಕ್ಕೆ ಮೊದಲು ಲೆಕ್ಕ ಬರೆಯುವುದನ್ನು ಕಲಿಸಿ: ಒಂದು ಪುಸ್ತಕ, ಎರಡು ಸಹಿ, ಪ್ರತಿ ಖರ್ಚಿಗೂ ಬಿಲ್, ಹಬ್ಬ ಮುಗಿದ ವಾರದೊಳಗೆ ನೋಟಿಸ್ ಬೋರ್ಡಿನಲ್ಲಿ ಲೆಕ್ಕ. ಯುವ ಘಟಕಗಳು ಒಡೆಯುವುದು ದೇವತಾಶಾಸ್ತ್ರದ ಭಿನ್ನಾಭಿಪ್ರಾಯಕ್ಕಲ್ಲ, ಇನ್ನೂರು ಮುನ್ನೂರು ರೂಪಾಯಿ ಲೆಕ್ಕಕ್ಕೆ.

ನವೆಂಬರಿನ ಕೊನೆಗೆ ಕ್ರಿಸ್ತರಾಜರ ಹಬ್ಬ. ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಮಟ್ಟದ ವಿಶ್ವ ಯುವ ದಿನ ಮೊದಲು ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ ಇತ್ತು, 2021ರಿಂದ ಈ ಹಬ್ಬದ ದಿನಕ್ಕೆ ಬಂದಿದೆ. ಆ ದಿನದ ಪೂಜೆಯ ವಾಚನ, ವಿಶ್ವಾಸಿಗಳ ಪ್ರಾರ್ಥನೆ, ಹಾಡು, ಸ್ವಾಗತ ಇವನ್ನೆಲ್ಲ ಯುವಜನರೇ ಮಾಡಲಿ. ಅಕ್ಟೋಬರ್ ಕೂಟದಲ್ಲಿ ವಾಚನ ಓದುವುದನ್ನು ಅಭ್ಯಾಸ ಮಾಡಿಸಿ, ಖಾಲಿ ಚರ್ಚಿನಲ್ಲಿ, ಮೈಕ್ ಇಲ್ಲದೆ, ಕೊನೆಯ ಬೆಂಚಿಗೆ ಕೇಳುವ ಹಾಗೆ.

ಈಸ್ಟರ್‌ಗೆ ಮೊದಲಿನ ತಪಸ್ಸಿನ ಕಾಲಕ್ಕೆ ಹೊಸ ಕೌಶಲ ಏನೂ ಬೇಡ. ಒಂದು ದಿನದ ಧ್ಯಾನಕೂಟ, ಪಾಪನಿವೇದನೆ, ಒಂದು ಆಸ್ಪತ್ರೆ ಅಥವಾ ವೃದ್ಧಾಶ್ರಮದ ಭೇಟಿ. ಅಲ್ಲಿ ಹಣ್ಣು ಹಂಚಿ ಫೋಟೊ ತೆಗೆದುಕೊಂಡು ಬರುವುದಾದರೆ ಹೋಗದಿರುವುದೇ ಒಳ್ಳೆಯದು. ಒಬ್ಬೊಬ್ಬರು ಒಬ್ಬೊಬ್ಬ ಅಜ್ಜ-ಅಜ್ಜಿಯ ಪಕ್ಕ ಒಂದು ಗಂಟೆ ಕೂತು ಕೇಳಲಿ. ಕೇಳಿಸಿಕೊಳ್ಳುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ವಾಟ್ಸಾಪ್ ಬಗ್ಗೆ ಒಂದು ಕೂಟ ಪೂರ್ತಿ ಬೇಕು. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿ ನಡೆದಾಗ ನಿಮ್ಮ ತಂಡದ ಹುಡುಗರು ಹುಟ್ಟಿರಲಿಲ್ಲ, ಅಥವಾ ಅಂಗನವಾಡಿಗೆ ಹೋಗುತ್ತಿದ್ದರು. ಈಗ ಅಂಥ ಉದ್ವಿಗ್ನತೆ ಬಂದರೆ ಮೊದಲು ಓಡುವುದು ಫಾರ್ವರ್ಡ್ ಮೆಸೇಜು. ಗಾಳಿಸುದ್ದಿ ಬಂದಾಗ ಗ್ರೂಪಿಗೆ ಹಾಕುವ ಮೊದಲು ಯಾರಿಗೆ ಫೋನ್ ಮಾಡಬೇಕು, ಹೊರಗಿನವರು ಕೇಳಿದರೆ ಚರ್ಚಿನ ಪರವಾಗಿ ಮಾತಾಡುವವರು ಯಾರು, ಪಕ್ಕದ ಮನೆಯ ಹಿಂದೂ, ಮುಸ್ಲಿಂ ಗೆಳೆಯರ ಜೊತೆ ಸಂಪರ್ಕ ಹೇಗಿದೆ, ಇವನ್ನು ಶಾಂತವಾಗಿರುವ ದಿನವೇ ಮಾತಾಡಿಕೊಳ್ಳಿ.

ಓದಿಸಿ, ಆದರೆ ತುತ್ತು ತುತ್ತಾಗಿ

ಯುವ ಸೇವೆ ಮಾಡುವವರು ಓದಲೇಬೇಕಾದ ಒಂದು ದಾಖಲೆ ಇದೆ, ಪೋಪ್ ಫ್ರಾನ್ಸಿಸ್ ಅವರ 'ಕ್ರಿಸ್ತೂಸ್ ವೀವಿತ್'. 2018ರ ಅಕ್ಟೋಬರಿನಲ್ಲಿ ಯುವಜನರ ಬಗ್ಗೆ ಧರ್ಮಾಧ್ಯಕ್ಷರ (ಬಿಷಪರ) ಸಿನೊಡ್ ಅನ್ನುವ ಸಮಾಲೋಚನಾ ಸಭೆ ನಡೆದ ಮೇಲೆ, 2019ರ ಮಾರ್ಚ್ 25ರಂದು ಸಹಿ ಮಾಡಿದ್ದು. ಒಟ್ಟು 299 ಪ್ಯಾರಾ. ಪೂರ್ತಿ ಓದಿ ಅಂತ ಕೊಟ್ಟರೆ ಯಾರೂ ಓದುವುದಿಲ್ಲ, ನಾವೂ ಓದಿರುವುದಿಲ್ಲ ಬಿಡಿ. ಏಳನೇ ಅಧ್ಯಾಯ ಯುವ ಸೇವೆಯ ಬಗ್ಗೆಯೇ ಇದೆ, ಪ್ಯಾರಾ 202ರಿಂದ 247ರವರೆಗೆ. ಕೂಟಕ್ಕೆ ಒಂದೋ ಎರಡೋ ಪ್ಯಾರಾ ಸಾಕು, ಒಬ್ಬರು ಮನೆಯಲ್ಲಿ ಓದಿಕೊಂಡು ಬಂದು ತಮ್ಮ ಮಾತಲ್ಲಿ ಐದು ನಿಮಿಷ ಹೇಳಲಿ.

203ರಿಂದ ಶುರು ಮಾಡಿ. ಯುವ ಸೇವೆಯನ್ನು ಮಾಡುವವರು ಯುವಜನರೇ, ಅವರಿಗೆ ಜೊತೆ ಮತ್ತು ಮಾರ್ಗದರ್ಶನ ಬೇಕು, ಆದರೆ ಹೊಸ ದಾರಿ ಹುಡುಕುವ ಸ್ವಾತಂತ್ರ್ಯವೂ ಬೇಕು ಅನ್ನುತ್ತದೆ ಅದು. ಇನ್ನು 212 ಅನಿಮೇಟರ್‌ಗಳಿಗೆ ಸ್ವಲ್ಪ ಚುಚ್ಚುತ್ತದೆ. ಯುವಜನರಿಗೆ ದೇವರ ಗಾಢವಾದ ಅನುಭವ ಆಗುತ್ತದೆ, ಆಮೇಲೆ ಅವರಿಗೆ ಸಿಗುವುದು ಬರೀ ಸಿದ್ಧಾಂತ ಮತ್ತು ನೀತಿಯ ಭಾಷಣಗಳ ಸಾಲು. ಅವರಿಗೆ ಬೇಜಾರಾಗುತ್ತದೆ, ಒಳಗಿನ ಕಿಚ್ಚು ಆರುತ್ತದೆ ಅಂತ ಪೋಪರೇ ಬರೆದಿದ್ದಾರೆ. ನಮ್ಮ ಮೇ ಕ್ಯಾಂಪಿನ ಕಥೆಯೇ ಇದು. 246ನ್ನು ನಿಮಗಾಗಿ ಇಟ್ಟುಕೊಳ್ಳಿ. ಯುವಜನರ ಜೊತೆ ನಡೆಯುವವರು ಹೇಗಿರಬೇಕು ಅಂತ ಅದರಲ್ಲಿ ಇದೆ. ತಮ್ಮ ಮಿತಿಯನ್ನು ಒಪ್ಪಿಕೊಳ್ಳುವವರಾಗಿರಬೇಕಂತೆ, ಯಾಕೆಂದರೆ ಅವರನ್ನು ಎತ್ತರದ ಪೀಠದ ಮೇಲೆ ಕೂರಿಸಿದ್ದು ಆಮೇಲೆ ಅವರು ಬಿದ್ದರೆ ಹುಡುಗರಿಗೆ ಆಗುವ ಪೆಟ್ಟು ದೊಡ್ಡದು.

ಸಂತರ ಬಗ್ಗೆ ಮಾತಾಡುವುದಾದರೆ ಹತ್ತಿರದವರನ್ನು ತನ್ನಿ. ಕನ್ಯಾಕುಮಾರಿ ಕಡೆಯ ದೇವಸಹಾಯಂ 2022ರ ಮೇ 15ರಂದು ಸಂತ ಪದವಿಗೆ ಏರಿದರು. ಫಾದರ್ ಅಲ್ಲ, ಸಂಸಾರಸ್ಥ, ತಿರುವಾಂಕೂರು ಅರಮನೆಯಲ್ಲಿ ಕೆಲಸದಲ್ಲಿದ್ದವರು, 1752ರಲ್ಲಿ ವಿಶ್ವಾಸಕ್ಕಾಗಿ ಗುಂಡೇಟು ತಿಂದವರು. 2025ರ ಸೆಪ್ಟೆಂಬರ್ 7ರಂದು ಸಂತರಾದ, ಕಂಪ್ಯೂಟರ್ ಪ್ರಿಯ ಇಟಲಿಯ ಹುಡುಗ ಕಾರ್ಲೊ ಅಕುತಿಸ್ ಬಗ್ಗೆ ಹುಡುಗರಿಗೆ ಈಗಾಗಲೇ ರೀಲ್ಸಿನಿಂದ ಗೊತ್ತಿದೆ. ಅದೇ ದಿನ ಸಂತರಾದ ಪಿಯೆರ್ ಜಾರ್ಜೊ ಫ್ರಸ್ಸಾತಿ ಬಗ್ಗೆ ಗೊತ್ತಿಲ್ಲ. ಬೆಟ್ಟ ಹತ್ತುವ ಹುಚ್ಚಿದ್ದ, ಟ್ಯೂರಿನ್ ಊರಿನ ಬಡವರ ಮನೆಗಳಿಗೆ ಸದ್ದಿಲ್ಲದೆ ಹೋಗಿ ಬರುತ್ತಿದ್ದ, 24ನೇ ವಯಸ್ಸಿಗೆ ತೀರಿಕೊಂಡ ಆ ಹುಡುಗನನ್ನು ಪರಿಚಯ ಮಾಡಿಸಿ.

ಮಕ್ಕಳ ಸುರಕ್ಷತೆ: ಇದರಲ್ಲಿ ರಿಯಾಯಿತಿ ಇಲ್ಲ

ಈ ವಿಷಯವನ್ನು ಕ್ಯಾಂಪಿನ ಕೊನೆಯ ಅರ್ಧ ಗಂಟೆಗೆ ತಳ್ಳಬೇಡಿ. ವರ್ಷದ ಮೊದಲ ಎರಡು ಕೂಟಗಳಲ್ಲೇ ಮುಗಿಸಿ, ಪ್ರತಿ ವರ್ಷ ಮತ್ತೆ ಮಾಡಿ. ನಿಮ್ಮ ಘಟಕದಲ್ಲಿ 16, 17ರ ಮಕ್ಕಳೂ ಇರುತ್ತಾರೆ, 25 ದಾಟಿದವರೂ ಇರುತ್ತಾರೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಹುಡುಗಿ ಮಾತ್ರ ಅಲ್ಲ, ಹುಡುಗನೂ.

ತಂಡದ ಪ್ರತಿಯೊಬ್ಬರಿಗೂ ಬಾಯಿಪಾಠ ಇರಬೇಕಾದ ಸಂಗತಿ ಇದು: ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದರೆ, ಅಥವಾ ನಡೆಯಬಹುದು ಅನ್ನುವ ಆತಂಕ ಇದ್ದರೆ, ಪೊಲೀಸರಿಗೆ ತಿಳಿಸುವುದು ಕಾನೂನಿನ ಕರ್ತವ್ಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. "ನಾನು ಫಾದರಿಗೆ ಹೇಳಿದೆ, ನನ್ನ ಕೆಲಸ ಮುಗಿಯಿತು" ಅಂದರೆ ಆಗುವುದಿಲ್ಲ. ಮಕ್ಕಳ ಸಹಾಯವಾಣಿ 1098. ಧರ್ಮಪ್ರಾಂತ್ಯದಲ್ಲಿ ದೂರು ಸ್ವೀಕರಿಸುವ ವ್ಯವಸ್ಥೆ ಇರಲೇಬೇಕು ಅಂತ ಪೋಪ್ ಫ್ರಾನ್ಸಿಸ್ 2019ರಲ್ಲಿ ನಿಯಮ ಮಾಡಿದರು. ನಿಮ್ಮ ಧರ್ಮಪ್ರಾಂತ್ಯದಲ್ಲಿ ಅದು ಯಾರು, ಫೋನ್ ನಂಬರ್ ಏನು ಅಂತ ಕೇಳಿ ತಿಳಿದು ಯುವ ಕೋಣೆಯ ಗೋಡೆಗೆ ಅಂಟಿಸಿ. ಅದು ಪೊಲೀಸ್ ದೂರಿನ ಜೊತೆಗೆ ಮಾಡುವ ಕೆಲಸ, ಅದರ ಬದಲಿಗೆ ಅಲ್ಲ.

ಒಂದು ಮಗು ಬಂದು ಹೇಳಿಕೊಂಡರೆ ಏನು ಮಾಡಬೇಕು ಅನ್ನುವುದನ್ನು ಅಭಿನಯ ಮಾಡಿಸಿಯೇ ಕಲಿಸಿ. ಅರ್ಧದಲ್ಲಿ ತಡೆಯದೆ ಕೇಳಬೇಕು. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬಾರದು. ನಿಜವಾ ಸುಳ್ಳಾ ಅಂತ ತಾವೇ ತನಿಖೆಗೆ ಇಳಿಯಬಾರದು. ಆರೋಪಿಯನ್ನು ಕರೆಸಿ ಎದುರು ಬದುರು ಕೂರಿಸಬಾರದು, ಊರ ಹಿರಿಯರ ಮುಂದೆ ರಾಜಿ ಮಾಡಿಸಬಾರದು. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಂಡು ದಿನಾಂಕ, ಸಮಯ ಹಾಕಬೇಕು. ಮಗುವಿನ ಹೆಸರು ಗ್ರೂಪಿಗೆ ಹೋಗಲೇಬಾರದು.

ಇನ್ನು ದಿನನಿತ್ಯದ ನಿಯಮಗಳು ಸರಳ. ಚಿಕ್ಕವರ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ರಾತ್ರಿ ಖಾಸಗಿ ಚಾಟ್ ಇಲ್ಲ. ರಾತ್ರಿ ಉಳಿಯುವ ಕ್ಯಾಂಪ್ ಆದರೆ ಹೆತ್ತವರ ಸಹಿ, ಬೇರೆ ಬೇರೆ ಮಲಗುವ ವ್ಯವಸ್ಥೆ, ಮಹಿಳಾ ಅನಿಮೇಟರ್ ಕಡ್ಡಾಯ. ಈ ನಿಯಮ ಫಾದರಿಗೂ ಅನ್ವಯಿಸುತ್ತದೆ ಅಂತ ಫಾದರ್ ಎದುರಿಗೇ ಹೇಳಿ. ಒಳ್ಳೆಯ ಗುರುಗಳು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಒಬ್ಬೊಬ್ಬರ ಜೊತೆಗೂ ಕೂರಿ

ಗುಂಪಿನಲ್ಲಿ ಹೇಳಲಾಗದ ಮಾತುಗಳು ಇರುತ್ತವೆ. ಮೂರು ತಿಂಗಳಿಗೊಮ್ಮೆ ತಂಡದ ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂರಿ, ಚರ್ಚಿನ ಅಂಗಳದಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ. ಕೆಲಸದ ಬಗ್ಗೆ ಆಮೇಲೆ, ಮೊದಲು ಓದು ಹೇಗಿದೆ, ಮನೆ ಹೇಗಿದೆ, ಪ್ರಾರ್ಥನೆ ಮಾಡಲು ಆಗುತ್ತಿದೆಯಾ ಅಂತ ಕೇಳಿ. ಯುವಜನರನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆ ಅಂತ ಅವರಿಗೆ ತಿಳಿಯಬೇಕು ಅಂತ ಬಡ ಹುಡುಗರಿಗಾಗಿ ಬದುಕಿದ ಇಟಲಿಯ ಗುರು ಡಾನ್ ಬಾಸ್ಕೊ 1884ರಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ ಹೇಳಿದ್ದರು. ಅವರು ಮೈದಾನದಲ್ಲಿ ಹುಡುಗರ ಜೊತೆ ಆಡಿಕೊಂಡೇ ಇದನ್ನು ಮಾಡುತ್ತಿದ್ದರು. ನೀವೂ ಒಮ್ಮೊಮ್ಮೆ ವಾಲಿಬಾಲ್ ಕೋರ್ಟಿಗೆ ಇಳಿಯಿರಿ.

ಪರೀಕ್ಷೆ ಹತ್ತಿರ ಬಂದರೆ ಆ ಹುಡುಗಿಗೆ ಎರಡು ತಿಂಗಳು ರಜೆ ಕೊಡಿ. ಚರ್ಚಿನ ಕೆಲಸಕ್ಕಾಗಿ ಮಾರ್ಕ್ಸ್ ಕಳೆದುಕೊಂಡರೆ ಮನೆಯವರು ತಂಗಿಯನ್ನೂ ಕಳಿಸುವುದಿಲ್ಲ. ಯಾರಾದರೂ ತೀರಾ ಮಂಕಾಗಿದ್ದರೆ, ಬದುಕು ಸಾಕು ಅನ್ನುವ ಮಾತು ಬಂದರೆ, ಬರೀ ಜಪಸರ ಹೇಳಿಸಿ ಕಳಿಸಬೇಡಿ. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾರ್ಥನೆಯೂ ಇರಲಿ, ಚಿಕಿತ್ಸೆಯೂ ಇರಲಿ.

ಭಾಷೆ, ಹಣ, ಹೊರಗಿನ ಭಾಷಣಕಾರರು

ಬೆಂಗಳೂರಿನ ಎಷ್ಟೋ ಚರ್ಚುಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಪೂಜೆಗಳು ಬೇರೆ ಬೇರೆ, ಹುಡುಗರ ಗುಂಪುಗಳೂ ಬೇರೆ ಬೇರೆ. ತರಬೇತಿ ಮಾತ್ರ ಇಂಗ್ಲಿಷಿನಲ್ಲಿ. ಆಗ ಇಂಗ್ಲಿಷ್ ಚೆನ್ನಾಗಿ ಬರುವವರು ನಾಯಕರಾಗುತ್ತಾರೆ, ಉಳಿದವರು ಬ್ಯಾನರ್ ಕಟ್ಟುತ್ತಾರೆ. ಹುಡುಗರು ಯಾವ ಭಾಷೆಯಲ್ಲಿ ಜಗಳ ಆಡುತ್ತಾರೋ ಅದೇ ಭಾಷೆಯಲ್ಲಿ ತರಬೇತಿ ನಡೆಯಲಿ. ಎರಡು ಭಾಷೆ ಬೆರೆತರೂ ಪರವಾಗಿಲ್ಲ, ತಿರುಗಿಸಿ ಹೇಳಲು ಒಬ್ಬರು ಇರುತ್ತಾರೆ.

ಖರ್ಚು ದೊಡ್ಡದಲ್ಲ. ಚಹಾ, ಬಿಸ್ಕೆಟ್, ಜೆರಾಕ್ಸ್, ವರ್ಷಕ್ಕೊಂದು ಧ್ಯಾನಕೂಟದ ಬಸ್ಸು. ಇದನ್ನು ಪಾಲನಾ ಮಂಡಳಿಯ ವಾರ್ಷಿಕ ಬಜೆಟ್‌ನಲ್ಲೇ ಸೇರಿಸಿ ಅಂತ ಕೇಳಿ. ಪ್ರತಿಯೊಂದಕ್ಕೂ ಹೌಸಿ (ತಂಬೋಲ) ಆಡಿಸಿ ಹಣ ಎತ್ತಬೇಕಾದರೆ ತಂಡದ ಅರ್ಧ ಶಕ್ತಿ ಟಿಕೆಟ್ ಮಾರುವುದರಲ್ಲೇ ಮುಗಿಯುತ್ತದೆ.

ಹೊರಗಿನವರನ್ನು ವರ್ಷಕ್ಕೆ ಎರಡು ಸಲ ಕರೆದರೆ ಸಾಕು, ಅದೂ ನಿಮ್ಮ ಕೈಲಾಗದ ವಿಷಯಕ್ಕೆ: ಒಬ್ಬ ವಕೀಲರು, ಒಬ್ಬ ಆಪ್ತ ಸಲಹೆಗಾರರು. ಧರ್ಮಪ್ರಾಂತ್ಯದ ಯುವ ನಿರ್ದೇಶಕರ ಜೊತೆ ಸಂಪರ್ಕ ಇಟ್ಟುಕೊಳ್ಳಿ. ಬೆಂಗಳೂರಿನ ಪಾಲನಾ ಭವನ, ಮಂಗಳೂರಿನ ಬಜ್ಜೋಡಿಯ ಶಾಂತಿ ಕಿರಣದಂಥ ಕೇಂದ್ರಗಳು ಇರುವುದೇ ಇಂಥ ಕೆಲಸಕ್ಕೆ. ಬೈಬಲ್ ಮತ್ತು ಧರ್ಮೋಪದೇಶದ ತರಬೇತಿಗೆ 1967ರಲ್ಲಿ ಶುರುವಾದ ಎನ್‌ಬಿಸಿಎಲ್‌ಸಿ (ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ) ಬೆಂಗಳೂರಿನಲ್ಲೇ ಇದೆ. ದೊಡ್ಡ ತರಬೇತಿಗೆ ಯಾರನ್ನಾದರೂ ಕಳಿಸಿದರೆ ಇಬ್ಬರನ್ನು ಜೊತೆಯಾಗಿ ಕಳಿಸಿ. ಒಬ್ಬರೇ ಹೋದರೆ ಕಲಿತದ್ದು ಅವರ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಬಂದ ಮೇಲೆ ಮುಂದಿನ ಕೂಟದ ಕೌಶಲದ ಅರ್ಧ ಗಂಟೆ ಅವರದ್ದು.

2027ರ ಆಗಸ್ಟ್ 3ರಿಂದ 8ರವರೆಗೆ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಅಂತರರಾಷ್ಟ್ರೀಯ ಮಟ್ಟದ ವಿಶ್ವ ಯುವ ದಿನ ಇದೆ. ಹೋಗುವ ಆಸೆ ಹಲವರಿಗೆ ಇರುತ್ತದೆ, ತಪ್ಪಿಲ್ಲ. ಆದರೆ ದುಡ್ಡಿದ್ದವರು ಹೋಗಿ ಬರುವುದು ಪ್ರವಾಸ ಆಗುತ್ತದೆಯೇ ಹೊರತು ತರಬೇತಿ ಆಗುವುದಿಲ್ಲ. ಒಬ್ಬರನ್ನಾದರೂ ಘಟಕವೇ ಹಣ ಕೂಡಿಸಿ ಕಳಿಸುವುದಾದರೆ ಈಗಿನಿಂದಲೇ ಶುರು ಮಾಡಿ, ಪಾಸ್‌ಪೋರ್ಟ್ ಕೂಡ ಈಗಲೇ ಮಾಡಿಸಿ.

ಅಧಿಕಾರ ಬಿಟ್ಟುಕೊಡುವುದನ್ನೂ ಕಲಿಸಿ

ಏಪ್ರಿಲ್ ಬಂತೆಂದರೆ ಹಸ್ತಾಂತರದ ಕೆಲಸ ಶುರು. ಈಸ್ಟರ್ ಆದ ಮೇಲೆ ಎರಡು ತಿಂಗಳು ಹೊಸಬರು ಹಳಬರ ಜೊತೆಗೇ ಓಡಾಡಲಿ: ಪೊಲೀಸ್ ಠಾಣೆಗೆ ಅನುಮತಿ ಪತ್ರ ಕೊಡಲು, ಶಾಮಿಯಾನದವರ ಜೊತೆ ಚೌಕಾಸಿ ಮಾಡಲು, ಫಾದರ್ ಜೊತೆ ತಾರೀಕು ಗೊತ್ತು ಮಾಡಲು. ಮೇ ಕ್ಯಾಂಪ್ ಮಾಡುವುದಾದರೆ ಹಳಬರೇ ಹೊಸಬರಿಗೆ ಕಲಿಸುವ ಕ್ಯಾಂಪ್ ಮಾಡಿ, ಪಿಪಿಟಿ ಬಿಟ್ಟುಬಿಡಿ. ತಾನು ಹೋದ ಮೇಲೆ ಘಟಕ ಕುಸಿಯಿತು ಅಂತ ಒಳಗೊಳಗೇ ಖುಷಿಪಡುವ ಹಳೆಯ ಅಧ್ಯಕ್ಷರನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಒಂದು ಫೈಲ್ ಇರಲಿ. ಅದರಲ್ಲಿ ಲೆಕ್ಕದ ಪುಸ್ತಕ, ನಡಾವಳಿ, ಹೆತ್ತವರ ಫೋನ್ ನಂಬರುಗಳು, ಸಾಮಾನು ಕೊಡುವವರ ಪಟ್ಟಿ ಇದ್ದೇ ಇರುತ್ತವೆ. ಅದಕ್ಕಿಂತ ಮುಖ್ಯವಾದ ಮೂರು ಹಾಳೆ ಸೇರಿಸಿ. ಒಂದರಲ್ಲಿ ಸಭೆಗೆ ಬರದ ಯುವಜನರ ಹೆಸರು ಮತ್ತು ಯಾರು ಅವರನ್ನು ಕೊನೆಯ ಬಾರಿ ಭೇಟಿ ಮಾಡಿದರು. ಇನ್ನೊಂದರಲ್ಲಿ ವರ್ಷದ ಪ್ರತಿ ಕೂಟದಲ್ಲಿ ತೀರ್ಮಾನಿಸಿ ಮಾಡದೇ ಬಿಟ್ಟ ಕೆಲಸಗಳು. ಮೂರನೆಯದರಲ್ಲಿ ಇನ್ನೂ ಬಗೆಹರಿಯದ ಮುನಿಸುಗಳು, ಹೆಸರು ಹಾಕದೆ, ಹೊಸಬರು ಎಡವದಷ್ಟು ಸೂಚನೆ ಮಾತ್ರ. ಹಳೆಯ ಅಧ್ಯಕ್ಷರು ಜೂನ್ ಕೂಟಕ್ಕೆ ಬಂದು ಫೈಲ್ ಕೊಟ್ಟು ಕೇಳಿದ್ದಕ್ಕೆಲ್ಲ ಉತ್ತರ ಹೇಳಲಿ, ಜುಲೈಯಿಂದ ಕರೆದರೆ ಮಾತ್ರ ಬರಲಿ. ವಾಟ್ಸಾಪ್ ಗ್ರೂಪಿನ ಅಡ್ಮಿನ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಎರಡನ್ನೂ ಅವತ್ತೇ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಹಬ್ಬದ ಹಿಂದಿನ ರಾತ್ರಿ ದುಬೈಗೆ ಫೋನ್ ಮಾಡಿ ಒಟಿಪಿ ಕೇಳುತ್ತಾ ಕೂರಬೇಕಾಗುತ್ತದೆ.